‘ಇನ್ನೊಂದೈದು ಸಾವಿರ ಸೇರಿಸಿದರೆ…’

ಕಡಿಮೆ ದುಡ್ಡಿನಲ್ಲಿ ಕ್ಯಾಮೆರಾ ಕೊಳ್ಳಬೇಕೆಂದು ಯಾರಾದರೂ ಬಾಯಿ ಬಿಟ್ಟರೆ ಸಾಕು, ತಿಳಿದವರೆಲ್ಲ ಒಂದೇ ರಾಗ ಎಳೆಯುತ್ತಾರೆ: ‘ಇನ್ನೊಂದೈದು ಸಾವಿರ ಸೇರಿಸಿದರೆ ಇದಕ್ಕಿಂತ ಒಳ್ಳೆಯದು ಬರುತ್ತದೆ.’ ಐದು ಸೇರಿಸಿದ ಮೇಲೆ ಹತ್ತು, ಹತ್ತಾದ ಮೇಲೆ ‘ಬಡ್ಡಿಯಿಲ್ಲದ ಕಂತು ಇದೆಯಲ್ಲ!’ ಹದಿನೈದು ಸಾವಿರ ಇಟ್ಟುಕೊಂಡು ಹೊರಟವರು ಎಂಬತ್ತು ಸಾವಿರದ ಡಬ್ಬಿ ಹೊತ್ತು ತರುತ್ತಾರೆ. ಆಮೇಲೆ ಅದಕ್ಕೆ ಗೀರು ಬಿದ್ದೀತೆಂಬ ಭಯಕ್ಕೆ ಮಾರ್ಕೆಟ್ಟಿಗೂ ಒಯ್ಯುವುದಿಲ್ಲ, ಮಳೆಗೂ ತೆಗೆಯುವುದಿಲ್ಲ. ನಾನು ಖಾಸಗಿ ಕಚೇರಿಯೊಂದರಲ್ಲಿ ಲೆಕ್ಕ ಬರೆಯುವವಳು. ಇನ್ನೊಬ್ಬರ ದುಡ್ಡನ್ನು ಇಷ್ಟು ಧಾರಾಳವಾಗಿ ಖರ್ಚು ಮಾಡಿಸುವವರನ್ನು ಕಂಡರೆ ಮೈ ಉರಿಯುತ್ತದೆ.

ನನ್ನ ವಾದ ಇಷ್ಟು. ಎಷ್ಟು ಖರ್ಚು ಮಾಡಬಹುದೆಂದು ಮೊದಲು ಮನೆಯಲ್ಲಿ ಕುಳಿತು ಗಟ್ಟಿ ಮಾಡಿಕೊಳ್ಳಿ. ಅದರಲ್ಲಿ ಒಂದು ಪಾಲನ್ನು ಕ್ಯಾಮೆರಾಕ್ಕೆ ಕೊಡದೆ ಬೇರೆಯೇ ಎತ್ತಿಡಿ. ಆ ಪಾಲು ನೀವು ತೆಗೆದ ಚಿತ್ರಗಳನ್ನು ಪ್ರಿಂಟ್ ಹಾಕಿಸುವುದಕ್ಕೆ. ಈ ಹವ್ಯಾಸದಲ್ಲಿ ಕೊಟ್ಟ ಹಣಕ್ಕೆ ಅತಿ ಹೆಚ್ಚು ಸುಖ ಹುಟ್ಟುವುದು ಅಲ್ಲಿ ಎಂಬುದು ನನ್ನ ಖಚಿತ ಅಭಿಪ್ರಾಯ. ಯಾಕೆಂದು ಆಮೇಲೆ ಹೇಳುತ್ತೇನೆ.

ನನ್ನ ಬಳಿ ಇರುವುದು ಸೆಕೆಂಡ್ ಹ್ಯಾಂಡ್ ನಿಕಾನ್ ಡಿ3200. 2012ರಲ್ಲಿ ಬಂದ ಮಾದರಿ, 24 ಮೆಗಾಪಿಕ್ಸೆಲ್, ಅಂದರೆ ಒಂದು ಚಿತ್ರದಲ್ಲಿ ಸುಮಾರು ಎರಡು ಕೋಟಿ ನಲವತ್ತು ಲಕ್ಷ ಚುಕ್ಕೆ. ‘ಅಷ್ಟು ಹಳೆಯದೇ?’ ಎಂದು ಮೂಗು ಮುರಿಯುವವರು ಒಂದು ಲೆಕ್ಕ ಹಾಕಲಿ. ಎ4 ಹಾಳೆಯಷ್ಟು ದೊಡ್ಡ ಪ್ರಿಂಟಿಗೆ, ಇಂಚಿಗೆ 300 ಚುಕ್ಕೆಯಂತೆ, ಬೇಕಾಗುವುದು ಸುಮಾರು 9 ಮೆಗಾಪಿಕ್ಸೆಲ್. ಮಿಕ್ಕಿದ್ದೆಲ್ಲ ಹೆಚ್ಚುವರಿ ಆಸ್ತಿ. ಹಳೆಯದನ್ನು ಕೊಳ್ಳುವಾಗ ನೋಡಬೇಕಾದದ್ದು ಬೇರೆ ಸಂಗತಿಗಳನ್ನು. ಈ ವರ್ಗದ ಕ್ಯಾಮೆರಾದ ಶಟರನ್ನು, ಅಂದರೆ ಪ್ರತಿ ಕ್ಲಿಕ್ಕಿಗೂ ತೆರೆದು ಮುಚ್ಚುವ ಪರದೆಯನ್ನು, ಒಂದು ಲಕ್ಷ ಕ್ಲಿಕ್ಕಿನ ಲೆಕ್ಕದಲ್ಲಿ ಪರೀಕ್ಷಿಸಿರುತ್ತಾರೆ. ನಿಕಾನ್‌ನಲ್ಲಿ ಈವರೆಗೆ ಎಷ್ಟು ಕ್ಲಿಕ್ಕಾಗಿದೆ ಎಂಬುದು ಚಿತ್ರದ ಕಡತದೊಳಗೇ ದಾಖಲಾಗಿರುತ್ತದೆ; ಮಾರುವವರ ಎದುರಿಗೇ ಒಂದು ಚಿತ್ರ ತೆಗೆದು ಪರೀಕ್ಷಿಸಬಹುದು. ಲೆನ್ಸ್ ಬಿಚ್ಚಿ ಒಂದು ಬದಿಯಿಂದ ಮೊಬೈಲ್ ಟಾರ್ಚ್ ಹಿಡಿದು ಇನ್ನೊಂದು ಬದಿಯಿಂದ ನೋಡಿದರೆ ಶಿಲೀಂಧ್ರ ಜೇಡರ ಬಲೆಯಾಗಿ ಕಾಣುತ್ತದೆ. ಕಂಡರೆ ಚೌಕಾಸಿಗೂ ನಿಲ್ಲಬೇಡಿ, ಎದ್ದು ಬನ್ನಿ. ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿಯನ್ನು, ಎಫ್/16ರಷ್ಟು ಕಿರಿದಾಗಿಸಿ ಬಿಳಿ ಗೋಡೆಯ ಚಿತ್ರ ತೆಗೆದರೆ, ಚಿತ್ರ ಹಿಡಿಯುವ ಫಲಕವಾದ ಸೆನ್ಸರಿನ ಮೇಲಿನ ಧೂಳು ಚುಕ್ಕೆಚುಕ್ಕೆಯಾಗಿ ಮೂಡುತ್ತದೆ. ಧೂಳಿಗೆ ಹೆದರಬೇಕಿಲ್ಲ, ಶುಚಿ ಮಾಡಿಸಬಹುದು. ಬೆಲೆ ಇಳಿಸಲು ನೆಪವಂತೂ ಸಿಗುತ್ತದೆ. ಇನ್ನೊಂದು ಎಚ್ಚರಿಕೆ: ನಿಕಾನ್‌ನ ಅಗ್ಗದ 50 ಎಂಎಂ ಎಫ್/1.8ಡಿ ಲೆನ್ಸ್ ನೋಡಿ ಮರುಳಾಗಬೇಡಿ. ಚಿತ್ರ ಸ್ಪಷ್ಟವಾಗುವಂತೆ ಲೆನ್ಸನ್ನು ತಾನಾಗಿ ತಿರುಗಿಸುವ ಫೋಕಸ್ ಮೋಟಾರು ಆ ಲೆನ್ಸಿನೊಳಗೂ ಇಲ್ಲ, ಡಿ3200ರಂಥ ಹೊಸಬರ ಕ್ಯಾಮೆರಾಗಳೊಳಗೂ ಇರುವುದಿಲ್ಲವಾದ್ದರಿಂದ ಅದರಲ್ಲಿ ಕೈಯಿಂದಲೇ ಫೋಕಸ್ ತಿರುಗಿಸುತ್ತಿರಬೇಕು. ಮೋಟಾರು ತನ್ನೊಳಗೇ ಇರುವ 35 ಎಂಎಂ ಎಫ್/1.8ಜಿ ಸಿಕ್ಕರೆ ಬಿಡಬೇಡಿ.

ಮೊಬೈಲೇ ಸಾಲದೇ ಎಂದು ಕೇಳಬಹುದು. ಹಗಲಿನಲ್ಲಿ, ಎದುರಿಗೆ ನಿಂತ ಮನುಷ್ಯರ ಚಿತ್ರಕ್ಕೆ ಧಾರಾಳವಾಗಿ ಸಾಕು. ಕೈಯಲ್ಲಿ ಒಳ್ಳೆಯ ಮೊಬೈಲ್ ಇದ್ದೂ ಕಿಸೆ ಖಾಲಿಯಿದ್ದರೆ ಅದರಲ್ಲೇ ಶುರು ಮಾಡಿ. ಆದರೆ ಕತ್ತಲಲ್ಲಿ ಅದು ಹಲವು ಚಿತ್ರಗಳನ್ನು ಒಂದರ ಮೇಲೊಂದು ಹೊಲಿದು ಕೊಡುತ್ತದೆ. ನಸುಕಿನ ಮಾರ್ಕೆಟ್ಟಿನಲ್ಲಿ ಹೂ ಕಟ್ಟುವವರ ಓಡಾಡುವ ಬೆರಳು ಆ ಹೊಲಿಗೆಯಲ್ಲಿ ಕರಗಿಹೋಗುತ್ತದೆ. ಜೊತೆಗೆ ಚಿತ್ರ ತೆಗೆಯುವ ಹೊತ್ತಿಗೆ ಸರಿಯಾಗಿ ಕಚೇರಿಯ ಗುಂಪಿನಲ್ಲಿ ಯಾರಾದರೂ ಶುಭೋದಯ ಹೇಳುತ್ತಾರೆ.

ಲೆನ್ಸಿಗಿಂತ ಬೆಳಕು ಮುಖ್ಯ ಎಂದು ಎಲ್ಲರೂ ಹೇಳುತ್ತಾರೆ. ಯಾವ ಊರಿನ ಬೆಳಕು ಎಂದು ಮಾತ್ರ ಯಾರೂ ಹೇಳುವುದಿಲ್ಲ. ಯೂಟ್ಯೂಬಿನಲ್ಲಿ ಪಾಠ ಹೇಳುವ ಯುರೋಪಿನವರಿಗೆ ಸಂಜೆಯ ಹೊಂಬಿಸಿಲು ಗಂಟೆಗಟ್ಟಲೆ ಓರೆಯಾಗಿ ಬೀಳುತ್ತದೆ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿ. ಇಲ್ಲಿ ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ಏರಿ ನೆಟ್ಟಗೆ ಇಳಿಯುತ್ತಾನೆ; ಮೆತ್ತನೆಯ ಬೆಳಕು ನೋಡನೋಡುತ್ತಲೇ ಮುಗಿಯುತ್ತದೆ. ಏಪ್ರಿಲ್ ಕೊನೆಗೂ ಆಗಸ್ಟ್ ನಡುವಿಗೂ ಮಧ್ಯಾಹ್ನದ ಸೂರ್ಯ ತಲೆಯ ಮೇಲೇ ಬಂದು ನಿಲ್ಲುವುದರಿಂದ ಎಲ್ಲರ ಕಣ್ಣೂ ಗುಳಿಬಿದ್ದಂತೆ ಕಾಣುತ್ತವೆ. ಅದಕ್ಕೆ ಪರಿಹಾರವನ್ನೂ ಊರೇ ಕೊಟ್ಟಿದೆ: ಮಳೆಗಾಲದ ಮೋಡ. ಆಕಾಶಕ್ಕೆಲ್ಲ ಬಿಳಿ ಪಂಚೆ ಕಟ್ಟಿದಂತಾಗಿ ದಿನವಿಡೀ ನೆರಳಿಲ್ಲದ ಬೆಳಕು. ಸ್ಟುಡಿಯೋದವರು ದೀಪ, ಛತ್ರಿ ಹೂಡಿ ಪಡೆಯುವುದು ಇದನ್ನೇ. ಆ ದಿನಗಳಲ್ಲಿ ಕ್ಯಾಮೆರಾವನ್ನು ಬೀರುವಿನಲ್ಲಿಟ್ಟು ‘ಬಿಸಿಲು ಬರಲಿ’ ಎಂದು ಕಾಯುವವರನ್ನು ಕಂಡರೆ ಕನಿಕರವಾಗುತ್ತದೆ.

ವಸ್ತುವಿಗೂ ಬರವಿಲ್ಲ. ಒಂದು ಮರದ ಹೂ ಉದುರುವ ಹೊತ್ತಿಗೆ ಇನ್ನೊಂದು ಅರಳಬೇಕೆಂದು ಲೆಕ್ಕ ಹಾಕಿ ಈ ಊರಿನ ಬೀದಿಗಳಿಗೆ ಮರಗಳನ್ನು ಆರಿಸಿದವನು ಜರ್ಮನಿಯ ತೋಟಗಾರಿಕಾ ತಜ್ಞ ಕ್ರುಂಬಿಗಲ್. ಟಬೂಬಿಯಾ, ಜಕರಂಡಾ, ಬೇಸಿಗೆಗೆ ಗುಲ್‌ಮೊಹರ್ ಎಂದು ಸಾಲು ಹಿಡಿದು ಬರುತ್ತವೆ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ನಮ್ಮಂಥ ಹೆಂಗಸರಿಗಂತೂ 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಬಿಎಂಟಿಸಿ ಬಸ್ಸಿನಲ್ಲಿ ಶೂನ್ಯ ಟಿಕೆಟ್. ಇದನ್ನು ಬಿಟ್ಟಿ ಭಾಗ್ಯವೆಂದು ಹಂಗಿಸುವವರು ಹಂಗಿಸಲಿ. ಬೆಳಕು ಸರಿಯಿಲ್ಲವೆನಿಸಿದರೆ ಬರಿಗೈಲಿ ಹಿಂದಿರುಗಿ ಮುಂದಿನ ಭಾನುವಾರ ಮತ್ತೆ ಅಲ್ಲಿಗೇ ಹೋಗುವ ಐಷಾರಾಮ ನನಗೆ ದಕ್ಕಿದ್ದು ಅದರಿಂದ. ದುಡ್ಡು ಕೊಟ್ಟು ಹೋದಾಗ ಏನಾದರೂ ತೆಗೆದುಕೊಂಡೇ ಬರಬೇಕೆಂಬ ಹಟ ಹುಟ್ಟುತ್ತದೆ. ಹಟದ ಚಿತ್ರಗಳು ನೋಡಿದರೇ ಗೊತ್ತಾಗುತ್ತವೆ.

ಈಗ ಪ್ರಿಂಟಿನ ವಿಷಯ. ಕೆ.ಆರ್. ಮಾರ್ಕೆಟ್ಟಿನ ಹೂವಿನ ಅಂಗಳವನ್ನು ಮೇಲಿನ ಮಹಡಿಯಿಂದ ತೆಗೆದ ಚಿತ್ರವನ್ನು ನೀವೆಲ್ಲ ನೋಡಿದ್ದೀರಿ. ಕೆಳಗೆ ಚೆಂಡುಹೂವಿನ ರಾಶಿ, ನಡುವೆ ತಲೆಗಳು. ಚೆಂದವೇ, ಆದರೆ ಅದನ್ನು ಯಾರು ತೆಗೆದರೂ ಒಂದೇ. ಕೆಳಗಿಳಿದು ಹೋದರೆ ಬೇರೆ ಕಥೆ. ಮೊದಮೊದಲು ಎಲ್ಲರದೂ ಒಂದೇ ಪ್ರಶ್ನೆ: ‘ಯಾವ ಪೇಪರಿನಲ್ಲಿ ಬರುತ್ತದೆ ಮೇಡಂ?’ ಯಾವುದರಲ್ಲೂ ಬರುವುದಿಲ್ಲ ಎಂದರೆ ಆಸಕ್ತಿ ಅಲ್ಲಿಗೆ ಮುಗಿಯುತ್ತಿತ್ತು. ಬೇಡ ಎಂದವರ ಚಿತ್ರ ನಾನು ತೆಗೆಯುವುದಿಲ್ಲ. ಸೆರಗು ಸರಿಮಾಡಿಕೊಂಡು ‘ಹೂಂ’ ಎಂದ ಒಬ್ಬ ಅಜ್ಜಿಯ ಚಿತ್ರವನ್ನು ನಾಲ್ಕು-ಆರು ಅಂಗುಲದ ಅಳತೆಯಲ್ಲಿ ಪ್ರಿಂಟ್ ಹಾಕಿಸಿ ತಂದುಕೊಟ್ಟೆ. ಒಂದು ಕಾಫಿಯ ಖರ್ಚೂ ಆಗಲಿಲ್ಲ. ಅವರು ಅದನ್ನು ತಕ್ಕಡಿಯ ಪಕ್ಕದಲ್ಲಿಟ್ಟುಕೊಂಡು ಸುತ್ತಲಿನವರಿಗೆಲ್ಲ ತೋರಿಸಿದರು. ‘ನನಗೆ ವಯಸ್ಸಾಗಿದೆ ಎಂದು ಯಾರೂ ಹೇಳಲೇ ಇಲ್ಲವಲ್ಲ!’ ಎಂದು ನಕ್ಕರು. ಅಂದಿನಿಂದ ಕನಕಾಂಬರದ ಸಾಲಿನಲ್ಲಿ ನನಗೊಂದು ಜಾಗವಿದೆ. ಗೋಣಿಚೀಲದ ಮೇಲೆ ಕೂರಿಸುತ್ತಾರೆ, ಕ್ಯಾಮೆರಾ ಎತ್ತಿದರೆ ಯಾರೂ ತಿರುಗಿ ನೋಡುವುದಿಲ್ಲ, ಕೆಲಸ ಮುಂದುವರಿಸುತ್ತಾರೆ. ದೂರದ್ದನ್ನು ಹತ್ತಿರ ತೋರಿಸುವ ಲಕ್ಷ ರೂಪಾಯಿಯ ಟೆಲಿ ಲೆನ್ಸ್ ಹಿಡಿದು ದೂರದಿಂದ ಕದ್ದು ತೆಗೆಯುವವರಿಗೆ ಈ ಚಿತ್ರಗಳು ಸಿಗುವುದಿಲ್ಲ.

ಸಫಾರಿಗೆ ದುಬಾರಿ ಹಣ ತೆತ್ತು, ಸಾಲಾಗಿ ನಿಂತ ಜೀಪುಗಳಿಂದ ಒಂದೇ ಚಿರತೆಯನ್ನು ತೆಗೆದು ತರುವ ಗೆಳೆಯರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಛಾಯಾಗ್ರಹಣ ಎಂದರೆ ಅದೇ ಎಂದು ಅವರು ಹೇಳಿದಾಗ ಮೈಸೂರಿನ ಟಿ.ಎಸ್. ಸತ್ಯನ್ ನೆನಪಾಗುತ್ತಾರೆ. 1923ರಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡ, ಪದ್ಮಶ್ರೀ ಪಡೆದ ಈ ಛಾಯಾಗ್ರಾಹಕರು ತಮ್ಮ ಕ್ಯಾಮೆರಾವನ್ನು ಹೆಚ್ಚಾಗಿ ತಿರುಗಿಸಿದ್ದು ಮಕ್ಕಳ ಕಡೆಗೆ, ದಿನನಿತ್ಯದ ಕೆಲಸದಲ್ಲಿ ಮುಳುಗಿದ ಸಾಮಾನ್ಯ ಜನರ ಕಡೆಗೆ.

ಚಿತ್ರ ತಿದ್ದುವುದಕ್ಕೂ ತಿಂಗಳ ಬಾಡಿಗೆ ಕಟ್ಟಬೇಕಿಲ್ಲ. ಡಾರ್ಕ್‌ಟೇಬಲ್, ಗಿಂಪ್ ಎಂಬ ಕಂಪ್ಯೂಟರ್ ತಂತ್ರಾಂಶಗಳೆರಡೂ ಉಚಿತ. ಕೀಟಗಳನ್ನು ಹತ್ತಿರದಿಂದ ತೆಗೆಯುವ ಹುಚ್ಚಿದ್ದರೆ, ಕ್ಯಾಮೆರಾದ ಜೊತೆಗೇ ಬರುವ ಕಿಟ್ ಲೆನ್ಸನ್ನೇ ತಿರುಗಾಮುರುಗಾ ಕೂರಿಸುವ ರಿವರ್ಸಲ್ ರಿಂಗ್ ಸಾಕು. ಹಣಕ್ಕಿಂತ ಅದಕ್ಕೆ ಹೆಚ್ಚು ಬೇಕಾಗುವುದು ಉಸಿರು ಬಿಗಿಹಿಡಿಯುವ ಅಭ್ಯಾಸ. ಶಿಲೀಂಧ್ರ ತಡೆಯಲು ಸಾವಿರಾರು ರೂಪಾಯಿಯ ಕಪಾಟೂ ಬೇಡ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೊಂದಿಷ್ಟು ತೇವ ಹೀರುವ, ಬಣ್ಣದ ಸಿಲಿಕಾ ಜೆಲ್ ಹರಳು. ಅದರ ಬಣ್ಣ ಬದಲಾದರೆ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಬಿಸಿ ಮಾಡಿ ಮತ್ತೆ ಹಾಕಬಹುದು. ಆ ಬಾಣಲೆಯನ್ನು ಆಮೇಲೆ ಅಡುಗೆಗೆ ಬಳಸಬೇಡಿ. ಅಕ್ಕಿ ಡಬ್ಬಿಯಲ್ಲಿ ಹೂತಿಡಿ ಎನ್ನುವವರ ಮಾತನ್ನು ಮಾತ್ರ ಕೇಳಬೇಡಿ. ಅಕ್ಕಿಯ ಹಿಟ್ಟು ಲೆನ್ಸಿನ ಉಂಗುರದೊಳಗೆ ಸೇರಿದರೆ, ತೆಗೆಸುವ ಖರ್ಚಿನಲ್ಲಿ ಇನ್ನೊಂದು ಹಳೆಯ ಲೆನ್ಸೇ ಬರುತ್ತದೆ.