ಲುಮೆನ್ ನೋಡಬೇಡಿ, ಸೆಲ್ ಎಣಿಸಿ

ರಾತ್ರಿ ಮಣ್ಣುದಾರಿಯಲ್ಲಿ ಎಂಟಿಬಿ (ಮೌಂಟನ್ ಬೈಕ್, ಅಂದ್ರೆ ಗುಡ್ಡಗಾಡಿನ ಸೈಕಲ್) ಓಡಿಸೋಕೆ ಕಡಿಮೆ ದುಡ್ಡಲ್ಲಿ ಯಾವ ಲೈಟು ತಗೊಳ್ಳಲಿ ಅಂತ ಬೆಂಗಳೂರಿನ ಗೆಳೆಯರು ಆಗಾಗ ಕೇಳ್ತಾರೆ. ಜೊತೆಗೆ ಒಂದು ಲಿಂಕ್ ಇರುತ್ತೆ. ಬೆಲೆ ಎರಡು ಸಾವಿರ ರೂಪಾಯಿ, ಬೆಳಕು 10000 ಲುಮೆನ್! ಲುಮೆನ್ ಅಂದ್ರೆ ಲೈಟಿನಿಂದ ಹೊರಬರುವ ಒಟ್ಟು ಬೆಳಕಿನ ಅಳತೆ. ಆ ನಂಬರು ಸುಳ್ಳು. ಅದನ್ನು ಕಂಡುಹಿಡಿಯೋಕೆ ಮೀಟರ್ ಬೇಡ, ಸ್ಕೂಲಿನ ಗುಣಾಕಾರ ಸಾಕು.

ಇಂಥ ಲೈಟುಗಳಲ್ಲಿ ಸಾಮಾನ್ಯವಾಗಿ ಇರುವುದು 18650 ಸೆಲ್. ಅಂದ್ರೆ 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ. ಒಳ್ಳೆಯ ಸೆಲ್ ಆದರೆ 3000 ಎಂಎಎಚ್ (ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತೆ ಅನ್ನುವ ಅಳತೆ), ಹೆಚ್ಚಿನವು 3500ರ ಆಸುಪಾಸಿಗೇ ನಿಲ್ಲುತ್ತವೆ. 9900 ಅಂತ ಮೇಲೆ ಬರೆದಿದ್ದರೆ ಅದನ್ನು ಮುಟ್ಟಲೇಬೇಡಿ. 3000 ಎಂಎಎಚ್ ಅಂದ್ರೆ 3 ಆಂಪಿಯರ್-ಅವರ್, ಅದನ್ನು 3.6 ವೋಲ್ಟ್‌ನಿಂದ ಗುಣಿಸಿದರೆ ಹತ್ತಿರ ಹತ್ತಿರ 11 ವ್ಯಾಟ್-ಅವರ್, ಎರಡು ಸೆಲ್ ಇದ್ದರೆ 22. ಈ ತರದ ಲೈಟು ಒಂದು ವ್ಯಾಟ್‌ಗೆ ಸುಮಾರು 100 ಲುಮೆನ್ ಕೊಡುತ್ತೆ ಅಂತಿಟ್ಟುಕೊಳ್ಳಿ. ಆಗ 10 ವ್ಯಾಟ್ ಎಳೆಯುವ 1000 ಲುಮೆನ್‌ನಲ್ಲಿ ಎರಡು ಗಂಟೆ ಉರಿಯುತ್ತೆ, ಇದು ನಂಬುವ ಮಾತು. ನಿಜವಾಗಿಯೂ 10000 ಲುಮೆನ್ ಬಂದಿದ್ದರೆ ಕಾಲು ಗಂಟೆ ಆಗುವ ಮೊದಲೇ ಸೆಲ್ ಖಾಲಿ, ಮುಷ್ಟಿ ಗಾತ್ರದ ಆ ಡಬ್ಬಿಯನ್ನು ಕೈಯಲ್ಲಿ ಮುಟ್ಟೋಕೂ ಆಗುತ್ತಿರಲಿಲ್ಲ. ಹಾಗಾಗಿ ಡಬ್ಬದ ಮೇಲಿನ ದೊಡ್ಡ ಅಂಕಿ ಬಿಡಿ, ಒಳಗೆ ಎಷ್ಟು ಸೆಲ್ ಇವೆ, ಎಷ್ಟು ಎಂಎಎಚ್, ಎಷ್ಟು ಹೊತ್ತು ಉರಿಯುತ್ತೆ ಅಂತ ಹೇಳಿದ್ದಾರೆ, ಈ ಮೂರನ್ನು ತಾಳೆ ಹಾಕಿ ನೋಡಿ.

ನಾನಿರುವುದು ಜರ್ಮನಿಯಲ್ಲಿ, ಸ್ಟುಟ್‌ಗಾರ್ಟ್ ಪಕ್ಕದ ಬೋಬ್ಲಿಂಗನ್‌ನಲ್ಲಿ. ಊರು ದಾಟಿದರೆ ಷೋನ್‌ಬುಖ್ ಕಾಡು. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೆಲ್ಲ ಸೂರ್ಯ ಮುಳುಗಿಬಿಡುತ್ತಾನೆ, ಕೆಲಸ ಮುಗಿಸಿ ಸೈಕಲ್ ಹತ್ತಿದರೆ ಅದು ರಾತ್ರಿ ಸವಾರಿಯೇ, ಬೇರೆ ದಾರಿ ಇಲ್ಲ. ಇಲ್ಲಿನ ಅಂಗಡಿಯಲ್ಲಿ ರಸ್ತೆ ಸೈಕಲ್ಲಿನ ಲೈಟು ಕೇಳಿದರೆ ಮೊದಲು ಕಿವಿಗೆ ಬೀಳುವುದು ಲುಮೆನ್ ಅಲ್ಲ, ಲಕ್ಸ್. ಒಟ್ಟು ಎಷ್ಟು ಬೆಳಕು ಹೊರಬರುತ್ತೆ ಅನ್ನುವುದು ಲುಮೆನ್, ಬೇಕಾದ ಜಾಗಕ್ಕೆ ಎಷ್ಟು ಬೀಳುತ್ತೆ ಅನ್ನುವುದು ಲಕ್ಸ್. ರಸ್ತೆಗೆ ಇಳಿಯುವ ಸೈಕಲ್ ಲೈಟಿನ ಮೇಲೆ ಒಪ್ಪಿಗೆಯ ಗುರುತಾಗಿ ಅಲೆಯಂಥ ಒಂದು ಗೆರೆ, ಕೆ ಅಕ್ಷರ, ನಂಬರು ಅಚ್ಚಾಗಿರಬೇಕು. ಬೆಳಕಿನ ಮೇಲಂಚು ಕಾರಿನ ಡಿಪ್ ಬೀಮಿನ ಹಾಗೆ ಕತ್ತರಿಸಿದಂತಿರಬೇಕು, ಎದುರಿನವರ ಕಣ್ಣಿಗೆ ಹೊಡೆಯಬಾರದು. ಮಿಣುಕುವ ಲೈಟು ಹಾಕುವಂತೆಯೇ ಇಲ್ಲ. 2013ರವರೆಗೆ ಮಾಮೂಲಿ ಸೈಕಲ್‌ಗಳಿಗೆ ಡೈನಮೋನೇ ಬೇಕು ಅಂತ ಕಾನೂನಿತ್ತು. ನಮ್ಮ ಕಡೆಯೂ ರಾತ್ರಿ ಡೈನಮೋ ಇಲ್ಲದೆ ಹೋದರೆ ಪೊಲೀಸರು ಹಿಡಿದು ನಿಲ್ಲಿಸುತ್ತಿದ್ದರು ಅಂತ ಅಪ್ಪ ಹೇಳ್ತಾರೆ. ಆ ಶಿಸ್ತು ಇಲ್ಲಿ ಉಳಿದಿದೆ, ನಮ್ಮಲ್ಲಿ ಹೋಯಿತು. ಇದು ನನಗೆ ನಿಜವಾಗಿ ಬೇಜಾರು.

ಆದರೆ ಕಾಡಿನೊಳಗೆ ಜರ್ಮನ್ ರಸ್ತೆ ಲೈಟು ಸಾಲದು. ಮೇಲಂಚು ಕತ್ತರಿಸಿದ ಬೆಳಕಿನಲ್ಲಿ ಎದೆಮಟ್ಟದ ಕೊಂಬೆ ಕಾಣಿಸುವುದಿಲ್ಲ. ತಿರುವಿನಲ್ಲಿ ಹ್ಯಾಂಡಲ್ ಒಂದು ಕಡೆ, ನಾವು ನೋಡಬೇಕಾದ ಜಾಗ ಇನ್ನೊಂದು ಕಡೆ. ಹಾಗಂತ ಹೆಲ್ಮೆಟ್ ಮೇಲೆ ಮಾತ್ರ ಲೈಟು ಕಟ್ಟಿಕೊಂಡರೆ ಬೇರೆ ತೊಂದರೆ. ಬೆಳಕು ಕಣ್ಣಿನ ಸಾಲಿನಿಂದಲೇ ಹೊರಡೋದರಿಂದ ನೆರಳೇ ಕಾಣಲ್ಲ, ಬೇರು, ಗುಂಡಿ, ಕಲ್ಲು ಎಲ್ಲ ಒಂದೇ ಮಟ್ಟದಲ್ಲಿ ಇದ್ದಂತೆ ತೋರುತ್ತೆ. ಹ್ಯಾಂಡಲ್ ಮೇಲಿನ ಲೈಟು ಕೆಳಗಿನಿಂದ ಓರೆಯಾಗಿ ಬೀಳುತ್ತೆ. ಪ್ರತಿ ಬೇರಿನ ಹಿಂದೆ ಒಂದು ಕಪ್ಪು ಗೆರೆ ಎದ್ದು ನಿಲ್ಲುತ್ತೆ, ಆ ಗೆರೆ ದಪ್ಪ ಇದ್ದಷ್ಟೂ ಬೇರು ಎತ್ತರ. ನವೆಂಬರಿನಲ್ಲಿ ಬೀಚ್ ಮರದ ಒದ್ದೆ ತರಗೆಲೆ ದಾರಿ ತುಂಬಾ ಹಾಸಿಕೊಂಡಿರುವಾಗ ಆ ನೆರಳನ್ನು ನಂಬಿಯೇ ಬ್ರೇಕ್ ಹಿಡಿಯಬೇಕು.

ಅದಕ್ಕೇ ನಾನು ಹೇಳೋದು, ಒಂದೇ ಭಾರಿ ಲೈಟಿಗೆ ಸುರಿಯುವ ದುಡ್ಡಲ್ಲಿ ಎರಡು ಸಾಧಾರಣ ಲೈಟು ತಗೊಳ್ಳಿ. ಹ್ಯಾಂಡಲ್‌ಗೆ ಅಗಲವಾಗಿ ಹರಡುವ 800ರಿಂದ 1000 ನಿಜವಾದ ಲುಮೆನ್ನಿನದು, ಹೆಲ್ಮೆಟ್‌ಗೆ ಹಗುರವಾದ, ದೂರಕ್ಕೆ ಹೋಗುವ ನಾನೂರು ಐನೂರರದು. ಕತ್ತು ನೋಯದಂತೆ ಹೆಲ್ಮೆಟ್ ಲೈಟು ಒಂದೇ ಸೆಲ್ಲಿನದಾದರೆ ಒಳ್ಳೇದು. ತಿರುವುಗಳಿರುವ ದಾರಿಯಲ್ಲಿ ನಮ್ಮ ವೇಗ ಗಂಟೆಗೆ 15 ಕಿ.ಮೀ. ಅಂದ್ರೆ ಸೆಕೆಂಡಿಗೆ ನಾಲ್ಕು ಮೀಟರ್ ಚಿಲ್ಲರೆ. ಅದಕ್ಕೆ ಇಷ್ಟು ಬೆಳಕು ಧಾರಾಳ. ಅದೂ ಅಲ್ಲದೆ ಲುಮೆನ್ ಎರಡರಷ್ಟಾದರೆ ಕಣ್ಣಿಗೆ ಎರಡರಷ್ಟು ಬೆಳಕೇನೂ ಕಾಣಲ್ಲ. ಮುಖ್ಯವಾಗಿ, ಇಳಿಜಾರಿನಲ್ಲಿ ಒಂದು ಲೈಟು ಕೈಕೊಟ್ಟರೆ ಇನ್ನೊಂದು ಇರುತ್ತೆ. ಲುಪೀನ್‌ನಂಥ ಜರ್ಮನ್ ಲೈಟುಗಳು ನೂರಾರು ಯೂರೊ ಬಾಳುತ್ತವೆ, ಚೆನ್ನಾಗಿಯೂ ಇವೆ, ಆದರೆ ಶುರುವಿಗೆ ಅವು ಬೇಡ.

ನೀಲಿ ಛಾಯೆಯ 6500 ಕೆಲ್ವಿನ್ ಬಿಳಿಗಿಂತ ಬೆಚ್ಚನೆ ಬಣ್ಣದ 4000ದಿಂದ 5000 ಕೆಲ್ವಿನ್ ಬೆಳಕು ನನಗೆ ಇಷ್ಟ, ಮಣ್ಣಿನಿಂದ ಬೇರು ಬೇರೆಯಾಗಿ ಕಾಣುತ್ತೆ. ಮಳೆಗೆ ನೀರು ತಡೆಯುವ ಮಟ್ಟ ಕನಿಷ್ಠ ಐಪಿಎಕ್ಸ್‌4 ಇರಲಿ.

ಒಂದು ವಿಷಯದಲ್ಲಿ ಮಾತ್ರ ನಮ್ಮ ಊರಿನ ರೀತಿಯೇ ಮೇಲು. ಇಲ್ಲಿ ಮಾರುವ ಎಷ್ಟೋ ಲೈಟುಗಳ ಸೆಲ್ ಒಳಗೇ ಸೀಲ್ ಆಗಿರುತ್ತೆ. ನಾಲ್ಕೈದು ಚಳಿಗಾಲ ಕಳೆದು ಸೆಲ್ ಸೊರಗಿತು ಅಂದ್ರೆ ಇಡೀ ಲೈಟನ್ನೇ ಎಸೆಯೋದು, ಎಲ್‌ಇಡಿ ಗಟ್ಟಿಮುಟ್ಟಾಗಿದ್ದರೂ. ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಪ್ಯಾಕ್ ಬಿಚ್ಚಿ, ಸೆಲ್ ಅಳೆದು, ಹೊಸದು ಬೆಸುಗೆ ಹಾಕಿಕೊಡುವವರು ಸಿಗ್ತಾರೆ. ಯುರೋಪಿನ ಹೊಸ ಕಾನೂನಿನ ಪ್ರಕಾರ 2027ರ ಫೆಬ್ರುವರಿಯಿಂದ ಸಣ್ಣ ಸಾಧನಗಳ ಬ್ಯಾಟರಿಯನ್ನು ಬಳಸುವವರೇ ತೆಗೆದು ಬದಲಿಸುವಂತಿರಬೇಕು. ನೀವು ಅಲ್ಲಿಯವರೆಗೆ ಕಾಯಬೇಡಿ, ಸೆಲ್ ಬದಲಾಯಿಸಬಹುದಾದ ಲೈಟನ್ನೇ ಈಗಲೇ ತಗೊಳ್ಳಿ. ಒಂದು ಜೊತೆ ಸೆಲ್ ಜೇಬಿನಲ್ಲಿದ್ದರೆ ಚಳಿಯಲ್ಲಿ ಚಾರ್ಜ್ ಬೇಗ ಇಳಿದರೂ ಭಯ ಇಲ್ಲ.

ಇನ್ನು ಎಲ್ಲಿ ಓಡಿಸಬೇಕು ಅನ್ನೋದು. ನಮ್ಮ ರಾಜ್ಯದಲ್ಲಿ, ಬಾಡೆನ್-ವುರ್ಟೆಂಬರ್ಗ್‌ನಲ್ಲಿ, ಎರಡು ಮೀಟರಿಗಿಂತ ಕಿರಿದಾದ ಕಾಡುದಾರಿಯಲ್ಲಿ ಸೈಕಲ್ ಓಡಿಸುವ ಹಾಗಿಲ್ಲ, ಸೈಕಲ್ಲಿಗೆ ಅಂತಲೇ ಬಿಟ್ಟಿರುವ ಟ್ರೇಲ್ ಬೇರೆ ಮಾತು. ಈ ನಿಯಮದ ಬಗ್ಗೆ ಬೈಕರ್‌ಗಳಿಗೆ ಸಿಟ್ಟಿದೆ, ನನಗೂ ಇದೆ. ಆದರೂ ಮುಸ್ಸಂಜೆ ಜಿಂಕೆಗಳು ಮೇಯೋಕೆ ಹೊರಡುವ ಹೊತ್ತಿನಲ್ಲಿ ಸಾವಿರ ಲುಮೆನ್ ಹಿಡಿದು ಪೊದೆಗೆ ನುಗ್ಗೋದು ತಪ್ಪು, ನಿಯಮ ಇರಲಿ ಬಿಡಲಿ. ಬೆಂಗಳೂರಿನ ತುರಹಳ್ಳಿಯಲ್ಲಿ ಓಡಿಸುವ ಹುಡುಗರಿಗೂ ಇದನ್ನೇ ಹೇಳ್ತೀನಿ. ಚಿರತೆ ಕಾಣಿಸಿಕೊಂಡಿರುವ ಕಾಡು ಅದು, ರಾತ್ರಿ ಅದನ್ನು ಅದರ ಪಾಡಿಗೆ ಬಿಡಿ. ಬೆಳಗಿನ ನಾಲ್ಕೂವರೆಗೆ ಎದ್ದು ಕೆರೆ ಏರಿ ಮೇಲೋ ತೋಟದ ನಡುವಿನ ಮಣ್ಣುದಾರಿಯಲ್ಲೋ ಹೊರಟರೆ ಈ ಎರಡು ಲೈಟು ಬೇಕಾದಷ್ಟಾಯಿತು. ಡಾಂಬರು ರಸ್ತೆ ಸಿಕ್ಕ ಕೂಡಲೇ ಹೆಲ್ಮೆಟ್ ಲೈಟು ಆಫ್ ಮಾಡಿ, ಹ್ಯಾಂಡಲಿನದನ್ನು ಡಿಮ್ ಮಾಡಿ ನೆಲಕ್ಕೆ ಬಗ್ಗಿಸಿ. ಎದುರಿಗೆ ಹಾಲಿನ ಕ್ಯಾನ್ ಕಟ್ಟಿಕೊಂಡು ಬರುವವರಿಗೂ ದಾರಿ ಕಾಣಬೇಕಲ್ವಾ.