ತಜ್ಞರನ್ನು ಸಂಪರ್ಕಿಸಿ

ಇವತ್ತು ಬೆಳಿಗ್ಗೆ ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿ ಸಾಕ್ಸ್ ಹಾಕಿದ ಕಾಲನ್ನು ಬಾತ್‌ರೂಮ್ ಮುಂದಿನ ಕಾಲೊರಸಿನ ಮೇಲೆ ಇಟ್ಟೆ. ಪಚಕ್ ಅಂತು. ನಮ್ಮ ಹೊಸ ಫ್ಲ್ಯಾಟಿನಲ್ಲಿ ಸ್ನಾನದ ನೀರು ಮೂಲೆಯ ಜಾಲರಿ ಕಡೆ ಹೋಗುವುದಿಲ್ಲ, ಹೊಸಿಲು ದಾಟಿ ಬೆಡ್‌ರೂಮಿಗೆ ಬರುತ್ತದೆ. ವಾಟ ಉಲ್ಟಾ. ಅದು ಬಿಲ್ಡರ್ ಮಾಡಿದ ಘನಕಾರ್ಯ, ಸರಿ. ಆದರೆ ಬೆಂಗಳೂರಿನಲ್ಲಿ ಬಿಲ್ಡರನ್ನು ಯಾರು ತಾನೇ ನಂಬುತ್ತಾರೆ? ಅದಕ್ಕೇ ಅಲ್ವಾ, ದುಡ್ಡು ಕೊಟ್ಟು ಇನ್‌ಸ್ಪೆಕ್ಷನ್ ಕಂಪನಿಯವರನ್ನು ಕರೆಸಿದ್ದು! ನನ್ನ ಹೊಟ್ಟೆ ಉರಿಯುವುದು ಅವರ ಮೇಲೆ.

ಈಗ ಇದೊಂದು ರೂಢಿ. ಕೀ ತೆಗೆದುಕೊಳ್ಳುವ ಮುಂಚೆ ಮನೆಗೆ ಹೆಲ್ತ್ ಚೆಕಪ್ ಮಾಡಿಸಬೇಕು, ಸಿಕ್ಕ ತಪ್ಪುಗಳ ಪಟ್ಟಿಯನ್ನು ಬಿಲ್ಡರ್ ಕೈಗೆ ಕೊಡಬೇಕು. ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಎಲ್ಲರೂ ಮಾಡಿಸಿದರು, ನಾವೂ ಮಾಡಿಸಿದೆವು. ಚದರಡಿಗೆ ಇಷ್ಟು ಅಂತ ಲೆಕ್ಕ, ಮೇಲೆ 18% ಜಿಎಸ್‌ಟಿ. ಬಾಲ್ಕನಿಯನ್ನೂ ಬಿಡದೆ ಸೇರಿಸಿ ಬಿಲ್ ಮಾಡಿದ್ದರು. ಆ ಅಳತೆಯಲ್ಲಿ ಮಾತ್ರ ಒಂದಿಂಚೂ ತಪ್ಪಿಲ್ಲ.

ಏಪ್ರಿಲ್ ಬಿಸಿಲಿನಲ್ಲಿ ಒಬ್ಬ ಹುಡುಗ ದೊಡ್ಡ ಪೆಟ್ಟಿಗೆ ಹೊತ್ತು ಬಂದ. ಅದರೊಳಗೆ ಗೋಡೆಯ ತೇವ ಅಳೆಯುವ ಮೀಟರ್, ಲೇಸರ್ ಲೆವೆಲ್, ಸಾಕೆಟ್ಟಿಗೆ ಚುಚ್ಚಿದರೆ ಮಿಣಮಿಣ ದೀಪ ಉರಿಯುವ ಪ್ಲಗ್, ಟೈಲ್ಸ್ ಕುಟ್ಟಿ ಟೊಳ್ಳು ಹಿಡಿಯುವ ಕೋಲು. ಮನೆ ನೋಡಲು ಊರಿಂದ ಬಂದಿದ್ದ ಅಮ್ಮ ಇದನ್ನೆಲ್ಲ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು.

ಕೊನೆಗೆ ಹೊರಬಂದದ್ದು ಥರ್ಮಲ್ ಕ್ಯಾಮೆರಾ. ತೇವ ಇರುವ ಗೋಡೆ ಸ್ವಲ್ಪ ತಣ್ಣಗಿರುತ್ತದೆ, ಕ್ಯಾಮೆರಾದಲ್ಲಿ ನೀಲಿಯಾಗಿ ಕಾಣುತ್ತದೆ, ಬಿಸಿ ಇದ್ದದ್ದು ಕೆಂಪಾಗಿ. ಹುಡುಗನಿಗೆ ಅದರ ಮೇಲೆ ಎಷ್ಟು ಪ್ರೀತಿ ಅಂದರೆ ನಮ್ಮ ಜೊತೆ ಮಾತಾಡುವಾಗಲೂ ಅದರ ಪರದೆಯಲ್ಲೇ ನಮ್ಮನ್ನು ನೋಡುತ್ತಿದ್ದ. ಹಾಲಿಗೆ ಬಂದವನು ಗಕ್ಕನೆ ನಿಂತ.

"ಸರ್, ಇಲ್ಲಿ ಏನೋ ಇದೆ."

ನೋಡಿದೆ. ಗೋಡೆಯ ಕೆಳಭಾಗದಲ್ಲಿ ದೊಡ್ಡದೊಂದು ಕೆಂಪು ಮಚ್ಚೆ. ಎದೆ ಧಸಕ್ ಅಂತು. "ಒಳಗೆ ವೈರ್ ಬಿಸಿಯಾಗ್ತಿರಬಹುದು ಸರ್" ಅಂದ. ನೋಡ್ತಾ ನೋಡ್ತಾ ಮಚ್ಚೆ ಮಂಕಾಗತೊಡಗಿತು. "ಬಂದು ಬಂದು ಹೋಗೋ ಪ್ರಾಬ್ಲಂ ಸರ್, ಅದು ಇನ್ನೂ ಡೇಂಜರ್" ಅಂದ.

ಹಿಂದಿನಿಂದ ಅಮ್ಮ, "ಏನಪ್ಪಾ, ಅದು ನಾನು ಈಗ ಒರಗಿಕೊಂಡು ಕೂತಿದ್ದ ಜಾಗ ಅಲ್ವಾ?" ಅಂದರು.

ಖಾಲಿ ಮನೆ, ಒಂದು ಕುರ್ಚಿ ಇಲ್ಲ. ಅಮ್ಮ ಅಲ್ಲೇ ನೆಲದ ಮೇಲೆ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದವರು ಆಗ ತಾನೇ ಎದ್ದಿದ್ದರು. ಮಚ್ಚೆಗೆ ಭುಜ ಕೂಡ ಇತ್ತು! ಹುಡುಗ ಅಮ್ಮನನ್ನು ನೋಡಿದ, ಗೋಡೆಯನ್ನು ನೋಡಿದ, ಮತ್ತೆ ಕ್ಯಾಮೆರಾ ನೋಡಿದ. "ಇರಲಿ ಆಂಟಿ, ಫೋಟೋ ತೆಗೆದಾಗಿದೆ, ಅಬ್ಸರ್ವೇಶನ್ ಅಂತ ಹಾಕಿರ್ತೀನಿ."

ಅಮ್ಮ ಅಷ್ಟಕ್ಕೇ ಬಿಡಲಿಲ್ಲ. "ಬಚ್ಚಲಿಗೆ ನೀರು ಹಾಕಿ ನೋಡಿದ್ಯೇನಪ್ಪಾ?" ಅಂತ ಕೇಳಿದರು. ನೀರಿನ ಕನೆಕ್ಷನ್ ಇನ್ನೂ ಕೊಟ್ಟಿಲ್ಲ ಅಂದ. ಅಮ್ಮ ತಮ್ಮ ಚೀಲದಿಂದ ಕುಡಿಯುವ ನೀರಿನ ಬಾಟಲಿ ತೆಗೆದು ಅವನ ಮುಂದೆ ಹಿಡಿದರು. "ಅದು ನಮ್ಮ ಸ್ಕೋಪಿನಲ್ಲಿ ಬರಲ್ಲ ಆಂಟಿ."

ರಿಪೋರ್ಟ್ ಬಂತು ನೋಡಿ, ನೂರು ಪುಟಕ್ಕೂ ಜಾಸ್ತಿ. ಎರಡು ಮಿಲಿಮೀಟರ್ ಓರೆಯಾದ ಸ್ವಿಚ್‌ಬೋರ್ಡಿಗೆ ಮೂರು ದಿಕ್ಕಿನಿಂದ ಮೂರು ಫೋಟೋ. ಬಾಗಿಲ ಹಿಂದೆ ಯಾವ ಜನ್ಮಕ್ಕೂ ಕಾಣದ ಪೇಂಟ್ ಚುಕ್ಕೆಗೆ ಅರ್ಧ ಪುಟ. ಅಮ್ಮನ ಬೆನ್ನಿಗೆ ಇಡೀ ಪುಟ, ಬಣ್ಣದಲ್ಲಿ, ಅಡಿಯಲ್ಲಿ "ಅಸಹಜ ತಾಪಮಾನ, ತಜ್ಞರನ್ನು ಸಂಪರ್ಕಿಸಿ". ಅಯ್ಯಾ, ನಾನು ಸಂಪರ್ಕಿಸಿದ ತಜ್ಞ ನೀನೇ ಅಲ್ವೇನಪ್ಪಾ! ಬಾತ್‌ರೂಮಿನ ನೆಲದ ಮುಂದೆ ಮಾತ್ರ ಹಸಿರು ಟಿಕ್. ತೃಪ್ತಿಕರ.

ನೀರು ಬೆಡ್‌ರೂಮಿಗೆ ಬರತೊಡಗಿದ ಮೇಲೆ ಕಂಪನಿಗೆ ಫೋನ್ ಮಾಡಿದೆ. ಬಹಳ ಸವಿಯಾಗಿ ಮಾತಾಡಿದ ಹುಡುಗಿ, ಕಣ್ಣಿಗೆ ಕಂಡದ್ದನ್ನು ಮಾತ್ರ ಬರೆಯುತ್ತೇವೆ, ಕೊನೆಯ ಪುಟ ಓದಿ ಸರ್ ಅಂದಳು. ಅಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಅವರು ಯಾವುದಕ್ಕೂ ಜವಾಬ್ದಾರರಲ್ಲ ಅಂತ ಇತ್ತು. ಮತ್ತೊಮ್ಮೆ ಇನ್‌ಸ್ಪೆಕ್ಷನ್ ಮಾಡಿಸಿದರೆ ಹಳೇ ಗ್ರಾಹಕರಿಗೆ ಡಿಸ್ಕೌಂಟ್ ಇದೆಯಂತೆ.

ಅರಸೀಕೆರೆಯಲ್ಲಿ ನಮ್ಮ ಅಪ್ಪ ಮನೆ ಕಟ್ಟಿಸಿದಾಗ ಇದ್ದ ಮೇಸ್ತ್ರಿ ಏನು ಸಾಧುವಲ್ಲ. ಮೂರು ದಿನ ಬಂದರೆ ನಾಲ್ಕು ದಿನ ನಾಪತ್ತೆ, ಅಡ್ವಾನ್ಸ್ ಇಲ್ಲದೆ ಕರಣೆ ಮುಟ್ಟುತ್ತಿರಲಿಲ್ಲ. ಬಚ್ಚಲಿಗೆ ಬೇಕಾದ ಇಳಿಜಾರು ಅಡಿಗೆ ಮೂರ್ನಾಲ್ಕು ಮಿಲಿಮೀಟರ್, ಅಷ್ಟೇ. ಅವನ ಹತ್ತಿರ ಇದ್ದದ್ದು ಒಂದು ರಸಮಟ್ಟ ಮತ್ತು ಅಮ್ಮನಿಂದ ಕೇಳಿ ಪಡೆದ ಒಂದು ಚೊಂಬು ನೀರು. ನೀರು ಸುರಿದು, ಕುಕ್ಕರುಗಾಲಲ್ಲಿ ಕೂತು, ಬೀಡಿ ಸೇದುತ್ತಾ ಅದು ಹೋಗುವುದನ್ನೇ ನೋಡುತ್ತಿದ್ದ. ಒಂದು ಮೂಲೆಯಲ್ಲಿ ನಿಂತಿತು ಅಂತ, ಯಾರೂ ಏನೂ ಹೇಳದೆಯೇ, ಹಾಕಿದ್ದ ಗಾರೆಯನ್ನು ತಾನೇ ಕಿತ್ತ. ಅಪ್ಪ ಇದ್ದಿದ್ದರೆ ಈ ಫ್ಲ್ಯಾಟಿಗೂ ಚೊಂಬು ಹಿಡಿದೇ ಬರುತ್ತಿದ್ದರೇನೋ.

ಪುಣ್ಯಕ್ಕೆ ಕಾನೂನು ಇದೆ. 2016ರ ರೇರಾ ಕಾಯ್ದೆ ಪ್ರಕಾರ ಮನೆ ಕೈಗೆ ಬಂದ 5 ವರ್ಷದೊಳಗೆ ಕೆಲಸದಲ್ಲಿ ದೋಷ ಕಂಡು ತಿಳಿಸಿದರೆ, ಬಿಲ್ಡರ್ 30 ದಿನದಲ್ಲಿ ಒಂದು ಪೈಸೆ ಕೇಳದೆ ಸರಿ ಮಾಡಿಕೊಡಬೇಕು. ಅಂದರೆ ಟೈಲ್ಸ್ ಒಡೆಯಬೇಕು, ಅಷ್ಟು ದಿನ ಮನೆಮಂದಿಯೆಲ್ಲ ಇನ್ನೊಂದು ಬಾತ್‌ರೂಮಿಗೆ ಕ್ಯೂ ನಿಲ್ಲಬೇಕು. ಆಗಲಿ ಅಂತ ದೂರು ಬರೆಯಲು ಕೂತು, ಬಿಲ್ಡರ್ ಕಡೆಯ ಇಂಜಿನಿಯರ್ ಹಿಂದೆ ಕಳಿಸಿದ್ದ ಉತ್ತರದ ಪಟ್ಟಿ ತೆಗೆದೆ. ಪ್ರತಿಯೊಂದು ತಪ್ಪಿನ ಮುಂದೆಯೂ "ಸರಿಪಡಿಸಲಾಗಿದೆ". ಸ್ವಿಚ್‌ಬೋರ್ಡ್ ಸರಿಪಡಿಸಲಾಗಿದೆ. ಅದು ಇವತ್ತಿಗೂ ಓರೆ. ಹಾಲ್ ಗೋಡೆಯ ಅಸಹಜ ತಾಪಮಾನ, ಸರಿಪಡಿಸಲಾಗಿದೆ, ಪರೀಕ್ಷಿಸಲಾಗಿದೆ.

ಅಮ್ಮನಿಗೆ ಫೋನ್ ಮಾಡಿ ಓದಿ ಹೇಳಿದೆ.

"ರಿಪೇರಿ ಮಾಡಿದ್ರಂತಾ?" ಅಂದರು ಅಮ್ಮ. "ಬೆನ್ನು ನೋವು ಹಾಗೇ ಇದ್ಯಲ್ಲೋ!"