ಲ್ಯಾಟಿನ್ ಪದ್ಯ, ಸಾಲದ ಕರ್ನಲ್‌ಗಿರಿ

ಈಟನ್ನಿನಲ್ಲಿ ಓದಿ, ಆಕ್ಸ್‌ಫರ್ಡಿನಲ್ಲಿ ಪಳಗಿ, ಆಡಳಿತದ ವಿದ್ಯೆ ಕಲಿತ ಇಂಗ್ಲಿಷರು ಬಂದು ನಮ್ಮನ್ನು ಆಳಿದರು ಅನ್ನುವ ಮಾತು ಇತಿಹಾಸದ ಚರ್ಚೆಗಳಲ್ಲಿ ಆಗಾಗ ತಲೆಹಾಕುತ್ತದೆ. ಮೆಚ್ಚಿ ಹೇಳುವವರೂ ಇದ್ದಾರೆ, ಹಲ್ಲು ಕಡಿದು ಹೇಳುವವರೂ ಇದ್ದಾರೆ. 18ನೇ ಶತಮಾನದ ಮಟ್ಟಿಗಂತೂ ಇದು ತಪ್ಪು. ಆ ಶಾಲೆಗಳಲ್ಲಿ ಆಡಳಿತ ಹಾಗಿರಲಿ, ಲೆಕ್ಕವನ್ನೂ ನೆಟ್ಟಗೆ ಹೇಳಿಕೊಡುತ್ತಿರಲಿಲ್ಲ. ಹುದ್ದೆ ಅನ್ನುವುದು ಓದಿದ್ದಕ್ಕೆ ಸಿಗುವ ಫಲವೂ ಆಗಿರಲಿಲ್ಲ. ಹೊಲಮನೆಯ ಹಾಗೆ ಕೊಳ್ಳುವ, ಮಾರುವ, ಮಗನಿಗೆ ಬಿಟ್ಟುಹೋಗುವ ಸ್ವತ್ತು ಅದು. ಓದು ಮತ್ತು ಹುದ್ದೆ ನಿಜವಾಗಿ ಕೂಡುತ್ತಿದ್ದ ಜಾಗ ಒಂದೇ, ಪಾರ್ಲಿಮೆಂಟಿನ ಭಾಷಣ.

ಶಾಲೆಯಿಂದ ಶುರು ಮಾಡೋಣ. ಈಟನ್, ವೆಸ್ಟ್‌ಮಿನ್‌ಸ್ಟರ್, ವಿಂಚೆಸ್ಟರ್, ಹ್ಯಾರೋ, ಇವು ಹೆಸರಿಗೆ ‘ಪಬ್ಲಿಕ್ ಸ್ಕೂಲು’ಗಳು, ಓದುವವರು ಮಾತ್ರ ಉಳ್ಳವರ ಮಕ್ಕಳು. ಈಟನ್ನನ್ನು 1440ರಲ್ಲಿ ದೊರೆ ಆರನೇ ಹೆನ್ರಿ ಕಟ್ಟಿಸಿದ್ದು. ಅಲ್ಲಿ 70 ಹುಡುಗರಿಗೆ ಮಾತ್ರ ದತ್ತಿಯ ಖರ್ಚಿನಲ್ಲಿ ಓದು. ಉಳಿದವರು ಹಣ ಕೊಟ್ಟು ಊರಿನ ಮನೆಗಳಲ್ಲಿ ಉಳಿದು ಓದುವವರು, ಶಾಲೆ ನಡೆಯುತ್ತಿದ್ದುದೇ ಇವರ ಜೋರಿನಲ್ಲಿ. ಪಾಠ ಅಂದರೆ ಲ್ಯಾಟಿನ್ ಮತ್ತು ಗ್ರೀಕ್. ಹೊರೇಸ್, ವರ್ಜಿಲ್, ಓವಿಡ್, ಹೋಮರ್ ಮೊದಲಾದ ಹಳೆಯ ಕವಿಗಳನ್ನು ಉರು ಹೊಡೆಯುವುದು, ವ್ಯಾಕರಣ ಒಪ್ಪಿಸುವುದು, ತಪ್ಪಿದರೆ ಬರ್ಚ್ ಬರಲಿನ ಕಟ್ಟಿನಿಂದ ಬರಿ ಮೈಗೆ ಏಟು. ಗಣಿತ ಬೇಕಾದವರು ಬೇರೆ ದುಡ್ಡು ಕೊಟ್ಟು ಬೇರೆಯಾಗಿ ಕಲಿಯಬೇಕಿತ್ತು.

ಇದರ ತಿರುಳು ಪದ್ಯರಚನೆ. ನಮ್ಮ ಛಂದಸ್ಸು ಓದಿದವರಿಗೆ ಥಟ್ಟನೆ ಅರ್ಥವಾಗುವ ಕಸರತ್ತು ಇದು, ಏಕೆಂದರೆ ಲ್ಯಾಟಿನ್ ಪದ್ಯವೂ ಲಘು-ಗುರುವಿನ ಲೆಕ್ಕವೇ. ಹೆಕ್ಸಾಮೀಟರ್ ಅಂದರೆ ಆರು ಗಣಗಳ ಸಾಲು. ಮೊದಲ ನಾಲ್ಕು ಗಣ ಗುರು-ಲಘು-ಲಘು ಆಗಬಹುದು, ಗುರು-ಗುರುವೂ ಆಗಬಹುದು. ಐದನೆಯದು ಸಾಮಾನ್ಯವಾಗಿ ಗುರು-ಲಘು-ಲಘುವೇ ಆಗಬೇಕು, ಆರನೆಯದರಲ್ಲಿ ಎರಡೇ ಅಕ್ಷರ. ಸ್ವರದಿಂದ ಮುಗಿಯುವ ಪದದ ಮುಂದೆ ಸ್ವರ ಬಂದರೆ ಹಿಂದಿನದು ಲೋಪ. ಅದನ್ನು ಮರೆತ ಹುಡುಗನ ಸಾಲಿನಲ್ಲಿ ಒಂದಕ್ಷರ ಹೆಚ್ಚಾಗಿ ಗಣವೆಲ್ಲ ಕುಂಟುತ್ತದೆ. ಗ್ರೇಡಸ್ ಅನ್ನುವ ನಿಘಂಟು ಪಕ್ಕದಲ್ಲಿರುತ್ತಿತ್ತು. ಒಂದು ಪದಕ್ಕೆ ಯಾವ ಸಮಾನ ಪದ, ಯಾವ ವಿಶೇಷಣ, ಎಲ್ಲಿ ದೀರ್ಘ, ಎಲ್ಲಿ ಹ್ರಸ್ವ ಅನ್ನುವುದೆಲ್ಲ ಅದರಲ್ಲೇ ಸಿಗುತ್ತಿತ್ತು. ಬುದ್ಧಿವಂತ ಹುಡುಗ ಅದಿಲ್ಲದೆ ಬರೆಯುತ್ತಿದ್ದ, ಮಿಕ್ಕವರು ಅದರಿಂದ ತುಂಡು ತುಂಡು ಎತ್ತಿ ಜೋಡಿಸುತ್ತಿದ್ದರು. ವಾರ ವಾರವೂ, ವರ್ಷಗಟ್ಟಲೆ.

ಇದರ ಉಪಯೋಗವೇನು? 1741ರ ಫೆಬ್ರವರಿಯಲ್ಲಿ ಪಾರ್ಲಿಮೆಂಟಿನ ಕೆಳಮನೆಯಾದ ಕಾಮನ್ಸ್ ಸಭೆಯಲ್ಲಿ ನಡೆದದ್ದು ನೋಡಿ. ಪ್ರಧಾನಿ ರಾಬರ್ಟ್ ವಾಲ್‌ಪೋಲ್, ಈಟನ್ನಿನವನು, ತನ್ನ ಕೈ ಶುದ್ಧವಾಗಿದೆ ಅನ್ನಲು ಹೊರೇಸನ ಸಾಲೊಂದನ್ನು ಹೇಳಿದ. ವಿರೋಧಿ ಬಣದ ಪಲ್ಟನೀ, ವೆಸ್ಟ್‌ಮಿನ್‌ಸ್ಟರಿನವನು, ಎದ್ದು ನಿಂತು ನಿಮ್ಮ ಲ್ಯಾಟಿನ್ ತಪ್ಪು ಅಂದ. ಒಂದು ಗಿನಿ ಪಂದ್ಯ ಕಟ್ಟಿದರು. ಸಭೆಯ ಗುಮಾಸ್ತ ತೀರ್ಪುಗಾರ. ತಪ್ಪು ಪ್ರಧಾನಿಯದೇ, ವಿಭಕ್ತಿ ಪ್ರತ್ಯಯ ಜಾರಿತ್ತು. ವಾಲ್‌ಪೋಲ್ ಎಸೆದ ನಾಣ್ಯವನ್ನು ಪಲ್ಟನೀ ಹಿಡಿದು, ಎಷ್ಟೋ ವರ್ಷಗಳಿಂದ ಖಜಾನೆಯಿಂದ ತನಗೆ ಬಂದ ಹಣ ಇದೊಂದೇ ಅಂದನಂತೆ. ಆ ಗಿನಿ ಈಗಲೂ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಭ್ರಷ್ಟಾಚಾರದ ಆರೋಪ ಏನಾಯಿತು ಅಂತ ಕೇಳಬೇಡಿ, ಜನ ನೆನಪಿಟ್ಟುಕೊಂಡದ್ದು ಪ್ರತ್ಯಯವನ್ನು.

ಶಾಲೆಯ ಶಿಸ್ತಿನ ಬಗ್ಗೆ ಇರುವ ಹೊಗಳಿಕೆಯೂ ಅಷ್ಟೇ ಟೊಳ್ಳು. 1768ರಲ್ಲಿ ಈಟನ್ನಿನ ಸುಮಾರು 160 ಹುಡುಗರು ಮುಖ್ಯೋಪಾಧ್ಯಾಯರ ಮೇಲೆ ಸಿಟ್ಟಾಗಿ ಶಾಲೆ ಬಿಟ್ಟು ಮೇಡನ್‌ಹೆಡ್ ಊರಿಗೆ ನಡೆದೇ ಹೋದರು. 1797ರಲ್ಲಿ ರಗ್ಬಿ ಶಾಲೆಯ ಹುಡುಗರು ಮುಖ್ಯೋಪಾಧ್ಯಾಯರ ಬಾಗಿಲನ್ನು ಮದ್ದಿಟ್ಟು ಹಾರಿಸಿದರು, ಕೊನೆಗೆ ಸೈನಿಕರನ್ನು ಕರೆಸಬೇಕಾಯಿತು. ಮುಂದೆ ಗವರ್ನರ್ ಜನರಲ್ ಆಗಿ ಬಂದ, ನಮಗೆ ಚೆನ್ನಾಗಿ ಗೊತ್ತಿರುವ ರಿಚರ್ಡ್ ವೆಲ್ಲೆಸ್ಲಿ ಮೊದಲು ಹೋದದ್ದು ಹ್ಯಾರೋ ಶಾಲೆಗೆ. 1771ರ ಗಲಾಟೆಯಲ್ಲಿ ಸೇರಿಕೊಂಡದ್ದಕ್ಕೆ ಅಲ್ಲಿಂದ ಹೊರಬಿದ್ದು ಈಟನ್ ಸೇರಿದ. ಅಲ್ಲಿ ಒಳ್ಳೆಯ ಲ್ಯಾಟಿನ್ ಕವಿಯಾದ ಅನ್ನುವುದೂ ನಿಜ.

ವಿಶ್ವವಿದ್ಯಾಲಯದ ಕಥೆ ಬೇಗ ಮುಗಿಯುತ್ತದೆ, ಯಾಕೆಂದರೆ ಅಲ್ಲಿ ನಡೆಯುತ್ತಿದ್ದುದೇ ಕಡಿಮೆ. ಆಕ್ಸ್‌ಫರ್ಡಿನಲ್ಲಿ ಲಾರ್ಡುಗಳ ಮಕ್ಕಳ ಟೊಪ್ಪಿಗೆಗೆ ಚಿನ್ನದ ಕುಚ್ಚು, ದುಡ್ಡಿದ್ದವರಿಗೆ ರೇಷ್ಮೆ ಗೌನು, ಬಡ ವಿದ್ಯಾರ್ಥಿಗೆ ಊಟದ ಮೇಜಿನಲ್ಲಿ ಬಡಿಸುವ ಕೆಲಸ. ಸೇರುವಾಗಲೇ ಇಂಗ್ಲೆಂಡ್ ಚರ್ಚಿನ 39 ವಿಧಿಗಳಿಗೆ ಸಹಿ ಹಾಕಬೇಕು, ಹಾಗಾಗಿ ಬೇರೆ ಪಂಥದವರಿಗೆ ಬಾಗಿಲು ಮುಚ್ಚಿದ ಹಾಗೆ. ಇತಿಹಾಸಕಾರ ಗಿಬ್ಬನ್ ಅಲ್ಲಿ ಕಳೆದ 14 ತಿಂಗಳು ತನ್ನ ಬದುಕಿನ ಅತ್ಯಂತ ವ್ಯರ್ಥ ಕಾಲವೆಂದು ಬರೆದಿಟ್ಟಿದ್ದಾನೆ. ಮುಂದೆ ಲಾರ್ಡ್ ಚಾನ್ಸಲರ್ ಆದ ಎಲ್ಡನ್ 1770ರಲ್ಲಿ ಪದವಿ ಪರೀಕ್ಷೆ ಬರೆದದ್ದಲ್ಲ, ಬಾಯಲ್ಲಿ ಹೇಳಿ ಮುಗಿಸಿದ್ದು. ಅವನೇ ಹೇಳುತ್ತಿದ್ದ ಪ್ರಕಾರ ಹೀಬ್ರೂವಿನಲ್ಲಿ ಒಂದು ಪ್ರಶ್ನೆ, ಕಪಾಲದ ಸ್ಥಳಕ್ಕೆ ಏನನ್ನುತ್ತಾರೆ, ಉತ್ತರ, ಗೊಲ್ಗೊಥಾ. ಇತಿಹಾಸದಲ್ಲಿ ಒಂದು, ಯೂನಿವರ್ಸಿಟಿ ಕಾಲೇಜು ಕಟ್ಟಿಸಿದ್ದು ಯಾರು. ಉತ್ತರ, ಆಲ್ಫ್ರೆಡ್ ದೊರೆ. ಪಾಸು. ತಮಾಷೆ ಏನೆಂದರೆ ಆಲ್ಫ್ರೆಡ್ ಕಟ್ಟಿಸಿದ ಅನ್ನುವುದು ಬರೀ ದಂತಕಥೆ. ಕೇಂಬ್ರಿಡ್ಜ್ ಈ ವಿಷಯದಲ್ಲಿ ವಾಸಿ. ಅಲ್ಲಿ ಗಣಿತದ ಪರೀಕ್ಷೆ ಗಟ್ಟಿಯಾಗುತ್ತ ಬಂದಿತ್ತು. ಆದರೆ ದೊಡ್ಡಮನೆಯ ಮಕ್ಕಳಿಗೆ ಅಲ್ಲೂ ವಿನಾಯಿತಿ: ಮುಂದೆ ಪ್ರಧಾನಿಯಾದ ಕಿರಿಯ ಪಿಟ್ 1776ರಲ್ಲಿ ಪರೀಕ್ಷೆಯೇ ಇಲ್ಲದೆ ಎಂಎ ಪಡೆದ.

ಈ ಪಿಟ್ಟನ ಓದು ನನ್ನ ವಾದಕ್ಕೆ ತುಂಬಾ ಬೇಕಾದ ಉದಾಹರಣೆ. ಅವನ ಅಪ್ಪ, ಹಿರಿಯ ಪಿಟ್, ಈಟನ್ನಿನಲ್ಲಿ ಓದಿದವನು. ಅಲ್ಲಿಗೆ ಹೋದ ಹುಡುಗ ಜನ್ಮಕ್ಕೆ ಕುಗ್ಗಿಹೋಗುತ್ತಾನೆ ಅನ್ನುವುದು ಅವನ ಅಭಿಪ್ರಾಯ. ಮಗನನ್ನು ಶಾಲೆಗೆ ಕಳಿಸಲೇ ಇಲ್ಲ. ಮನೆಯಲ್ಲಿ ಒಂದೇ ಅಭ್ಯಾಸ ಪಟ್ಟಾಗಿ ಮಾಡಿಸಿದ: ಲ್ಯಾಟಿನ್ ಅಥವಾ ಗ್ರೀಕಿನ ಒಂದು ಭಾಗ ಕೈಗೆತ್ತಿಕೊಂಡು ನೇರವಾಗಿ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳುತ್ತ ಹೋಗಬೇಕು, ಸರಿಯಾದ ಪದ ಸಿಗದಿದ್ದರೆ ಸಿಗುವ ತನಕ ಸುಮ್ಮನೆ ನಿಲ್ಲಬೇಕು, ಅಂದಾಜಿನ ಪದ ಹಾಕಿ ಮುಂದೆ ಹೋಗುವ ಹಾಗಿಲ್ಲ. ಮೊದಮೊದಲು ತಡವರಿಕೆ, ಆಮೇಲೆ ನಿಂತ ನಿಲುವಿನಲ್ಲಿ ಉದ್ದುದ್ದ ವಾಕ್ಯ ಕಟ್ಟುವ ಶಕ್ತಿ. ಸಭೆಯಲ್ಲಿ ತನಗೆ ಪದ ತಪ್ಪದಿರುವುದಕ್ಕೆ ಇದೇ ಕಾರಣ ಅನ್ನುತ್ತಿದ್ದ ಪಿಟ್. ಶಾಸ್ತ್ರೀಯ ಓದಿನಿಂದ ಆ ವರ್ಗಕ್ಕೆ ದಕ್ಕಿದ ನಿಜವಾದ ಕಸುಬು ಇದೊಂದೇ, ಅದೂ ಸಿಕ್ಕಿದ್ದು ಶಾಲೆಗೆ ಹೋಗದವನಿಗೆ! ಹಾಗಂತ ಅವನು ಪ್ರತಿಭೆಯಿಂದಲೇ ಸಭೆಗೆ ಬಂದ ಅನ್ನಬೇಡಿ. 1781ರಲ್ಲಿ ಆಪಲ್‌ಬಿ ಕ್ಷೇತ್ರದಿಂದ ಅವನನ್ನು ಒಳಗೆ ಬಿಟ್ಟದ್ದು ಸರ್ ಜೇಮ್ಸ್ ಲೌದರ್ ಎಂಬ ಜಮೀನ್ದಾರನ ವಶೀಲಿ. 23ಕ್ಕೆ ಹಣಕಾಸು ಮಂತ್ರಿ, 24ಕ್ಕೆ ಪ್ರಧಾನಿ.

ಇದಕ್ಕೆ ಪ್ರತಿಯಾಗಿ ಲಾರ್ಡ್ ಚೆಸ್ಟರ್‌ಫೀಲ್ಡನ ಮಗ ಫಿಲಿಪ್ ಸ್ಟ್ಯಾನ್‌ಹೋಪ್. ಆ ಶತಮಾನದಲ್ಲಿ ರಾಯಭಾರದ ಕೆಲಸಕ್ಕೆಂದೇ ಅಷ್ಟು ಕ್ರಮವಾಗಿ ತಯಾರಾದ ಹುಡುಗ ಇನ್ನೊಬ್ಬನಿರಲಾರ. ವೆಸ್ಟ್‌ಮಿನ್‌ಸ್ಟರ್ ಶಾಲೆ, ಖಾಸಗಿ ಉಪಾಧ್ಯಾಯ, ಫ್ರೆಂಚ್, ಜರ್ಮನ್, ಇಟಾಲಿಯನ್, ಒಪ್ಪಂದಗಳ ಇತಿಹಾಸ, ವರ್ಷಗಟ್ಟಲೆ ಯುರೋಪ್ ಪ್ರವಾಸ, ಜೊತೆಗೆ ನಡೆ ನುಡಿ ತಿದ್ದುವ ಅಪ್ಪನ ನೂರಾರು ಕಾಗದ. ಪಾರ್ಲಿಮೆಂಟಿನಲ್ಲಿ ಮೊದಲ ಭಾಷಣಕ್ಕೆ ಎದ್ದವನು ಮಧ್ಯದಲ್ಲೇ ತೊದಲಿ ನಿಂತ. ವೆನಿಸ್ಸಿನ ರಾಯಭಾರಿ ಸ್ಥಾನ ಕೇಳಿದರೆ ದೊರೆ ಕೊಡಲಿಲ್ಲ, ಹುಡುಗ ಮದುವೆಯಾಚೆ ಹುಟ್ಟಿದವನು. ಮೂರು ಭಾಷೆ ಬಂದರೂ ಹುಟ್ಟು ಅಡ್ಡ ಬಂತು. ಅದೇ ಮಗನಿಗೆ 1767ರಲ್ಲಿ ಒಂದು ಸೀಟು ಕೊಳ್ಳಲು ಚೆಸ್ಟರ್‌ಫೀಲ್ಡ್ ದಲ್ಲಾಳಿಯೊಬ್ಬನಿಗೆ 2,500 ಪೌಂಡ್ ಹೇಳಿದಾಗ ಅವನು ನಕ್ಕುಬಿಟ್ಟನಂತೆ. ಇಂಡಿಯಾದಲ್ಲಿ, ವೆಸ್ಟ್ ಇಂಡೀಸಿನಲ್ಲಿ ದುಡ್ಡು ಮಾಡಿದವರು 3,000, 4,000, ಒಬ್ಬಿಬ್ಬರು 5,000 ಕೊಟ್ಟು ಸೀಟುಗಳನ್ನೆಲ್ಲ ಬಾಚಿಕೊಂಡಿದ್ದರು.

ಆಗ ಕಾಮನ್ಸ್ ಸಭೆಯಲ್ಲಿ 558 ಸ್ಥಾನ. ಪಟ್ಟಣದ ಕ್ಷೇತ್ರಕ್ಕೆ ನಿಲ್ಲಲು ವರ್ಷಕ್ಕೆ 300 ಪೌಂಡ್, ಕೌಂಟಿಗೆ 600 ಪೌಂಡ್ ಜಮೀನಿನ ಹುಟ್ಟುವಳಿ ಇರಬೇಕೆಂದು 1711ರ ಕಾನೂನು. ಇಲ್ಲದವರು ಗೆಳೆಯನ ಜಮೀನನ್ನು ತಮ್ಮ ಹೆಸರಿಗೆ ಬರೆಸಿಕೊಂಡು, ಪ್ರಮಾಣ ಮಾಡಿ, ಆಮೇಲೆ ವಾಪಸ್ ಬರೆದುಕೊಡುತ್ತಿದ್ದರು. ಓಲ್ಡ್ ಸೇರಮ್ ಎಂಬ ಕ್ಷೇತ್ರದಲ್ಲಿ ಊರೇ ಇಲ್ಲ, ಏಳು ಮತಕ್ಕೆ ಇಬ್ಬರು ಸದಸ್ಯರು. ಅದು ಪಿಟ್ ಮನೆತನದ ಕೈಗೆ ಬಂದದ್ದು ಮದರಾಸಿನ ಗವರ್ನರ್ ಆಗಿದ್ದ ಥಾಮಸ್ ಪಿಟ್‌ನಿಂದ, ಗೋಲ್ಕೊಂಡ ಸೀಮೆಯ ವಜ್ರವನ್ನು ಫ್ರಾನ್ಸಿಗೆ 1,35,000 ಪೌಂಡಿಗೆ ಮಾರಿದವನು. ಮೊಮ್ಮಗ ಹಿರಿಯ ಪಿಟ್ 1735ರಲ್ಲಿ ಸಭೆಗೆ ಬಂದದ್ದು ಅದೇ ಖಾಲಿ ಗುಡ್ಡದಿಂದ. ಮುಂದೆ ಕಿರಿಯ ಪಿಟ್ಟನ ಎದುರಾಳಿಯಾದ ಚಾರ್ಲ್ಸ್ ಫಾಕ್ಸ್ 1768ರಲ್ಲಿ ಸದಸ್ಯನಾದಾಗ ವಯಸ್ಸು 19, ಕಾನೂನು ಕೇಳುತ್ತಿದ್ದುದು 21.

ಕೆಲಸವಿಲ್ಲದ ಹುದ್ದೆಗಳ ಸೊಗಸೇ ಬೇರೆ. ವಾಲ್‌ಪೋಲ್ ತನ್ನ ಕಿರಿ ಮಗ ಹೊರೇಸನಿಗೆ, ಅವನಿನ್ನೂ 20ರ ಆಸುಪಾಸಿನಲ್ಲಿದ್ದಾಗ, ಖಜಾನೆಯ ಅಷರ್ ಪಟ್ಟ ಕೊಡಿಸಿದ. ಕಚೇರಿಗೆ ಕಾಗದ, ಲೇಖನಿ, ಶಾಯಿ, ಅರಗು, ಕತ್ತರಿ ಒದಗಿಸುವುದು ಅದರ ಹೊಣೆ. ಒದಗಿಸುತ್ತಿದ್ದವರು ಕೆಳಗಿನ ಗುಮಾಸ್ತರು, ಲಾಭ ಹೊರೇಸನಿಗೆ, ಸಾಯುವ ತನಕ. ಉಂಬಳಿ ಅಂದರೆ ಇದೇ.

ಸೈನ್ಯದ ಹುದ್ದೆಗಂತೂ ಸರ್ಕಾರಿ ದರಪಟ್ಟಿಯೇ ಇತ್ತು. 1766ರ ಆದೇಶದ ಪ್ರಕಾರ ಕಾಲಾಳು ರೆಜಿಮೆಂಟಿನಲ್ಲಿ ಎನ್‌ಸೈನ್, ಅಂದರೆ ಅಧಿಕಾರಿಗಳಲ್ಲಿ ಕೊನೆಯ ಮೆಟ್ಟಿಲು, 400 ಪೌಂಡ್, ಲೆಫ್ಟಿನೆಂಟ್ 550, ಕ್ಯಾಪ್ಟನ್ 1,500, ಮೇಜರ್ 2,600, ಲೆಫ್ಟಿನೆಂಟ್ ಕರ್ನಲ್ 3,500. ಬಡ್ತಿಗೆ ಪೂರ್ತಿ ಹಣ ಬೇಕಿಲ್ಲ, ವ್ಯತ್ಯಾಸ ಕಟ್ಟಿದರೆ ಸಾಕು. ಒಬ್ಬ ಕ್ಯಾಪ್ಟನ್ ಬಿಡುತ್ತಾನೆ ಅನ್ನಿ. ಲೆಫ್ಟಿನೆಂಟ್ 950 ಕೊಟ್ಟು ಮೇಲೇರುತ್ತಾನೆ, ಎನ್‌ಸೈನ್ 150 ಕೊಟ್ಟು ಅವನ ಜಾಗಕ್ಕೆ, ಹೊಸ ಹುಡುಗ 400 ಕೊಟ್ಟು ಒಳಗೆ. ಕೂಡಿಸಿದರೆ 1,500, ಅದು ಬಿಟ್ಟುಹೋಗುವವನ ಪಿಂಚಣಿ. ಸರ್ಕಾರಕ್ಕೆ ಬಿಡಿಕಾಸಿನ ಖರ್ಚಿಲ್ಲ. ಮೊದಲ ಅವಕಾಶ ರೆಜಿಮೆಂಟಿನ ಹಿರಿಯನಿಗೆ. ಅವನ ಹತ್ತಿರ ದುಡ್ಡಿಲ್ಲದಿದ್ದರೆ ಅವನ ಕೆಳಗಿನವನು ತಲೆ ಮೇಲೆ ಹಾರಿಹೋಗುತ್ತಾನೆ. ಯುದ್ಧದಲ್ಲಿ ಸತ್ತರೆ ಹಾಕಿದ ಹಣ ಮುಳುಗಿತು, ಖಾಲಿ ಜಾಗ ಪುಕ್ಕಟೆ ಮುಂದಿನವನಿಗೆ. ಫಿರಂಗಿ ದಳದಲ್ಲಿ ಮಾತ್ರ ಮಾರಾಟವಿಲ್ಲ, 1741ರಿಂದ ವುಲ್ಲಿಚ್‌ನಲ್ಲಿ ಅದಕ್ಕೆ ಶಾಲೆಯೇ ಇತ್ತು; ಗುಂಡಿನ ಪಥಕ್ಕೆ ವಶೀಲಿ ನಡೆಯುವುದಿಲ್ಲವಲ್ಲ. ನೌಕಾಪಡೆಯಲ್ಲೂ ಆರು ವರ್ಷ ಹಡಗಿನ ಅನುಭವ ಮತ್ತು ಮೌಖಿಕ ಪರೀಕ್ಷೆ ಕಡ್ಡಾಯ, ಆದರೆ ನೆಲ್ಸನ್ 1777ರಲ್ಲಿ ಪರೀಕ್ಷೆಗೆ ಕೂತಾಗ ಪರೀಕ್ಷಕರಲ್ಲಿ ಒಬ್ಬ ಸ್ವಂತ ಸೋದರಮಾವ.

ಈಗ ಶ್ರೀರಂಗಪಟ್ಟಣಕ್ಕೆ ಬನ್ನಿ. ಆರ್ಥರ್ ವೆಲ್ಲೆಸ್ಲಿ, ಮುಂದೆ ವೆಲ್ಲಿಂಗ್ಟನ್ ಡ್ಯೂಕ್ ಆದವನು, ಈಟನ್ನಿನಲ್ಲಿ ಯಾರ ಕಣ್ಣಿಗೂ ಬೀಳದ ಹುಡುಗ. ಫ್ರಾನ್ಸಿನ ಆಂಜೇ ಊರಿನ ಕುದುರೆಸವಾರಿ ಶಾಲೆಯಲ್ಲಿ ಕೆಲಕಾಲ ಇದ್ದು, 1787ರ ಮಾರ್ಚಿನಲ್ಲಿ ಎನ್‌ಸೈನ್ ಆದ. ರೆಜಿಮೆಂಟಿನಿಂದ ರೆಜಿಮೆಂಟಿಗೆ ಹಾರುತ್ತ, ಕೊನೆಯ ಎರಡು ಮೆಟ್ಟಿಲಿಗೆ ಅಣ್ಣ ರಿಚರ್ಡನ ಹತ್ತಿರ ಸಾಲ ತೆಗೆದು, 1793ರ ಸೆಪ್ಟೆಂಬರಿಗೆ ಲೆಫ್ಟಿನೆಂಟ್ ಕರ್ನಲ್. ಆರೂವರೆ ವರ್ಷ, ಒಂದೂ ಯುದ್ಧ ಕಂಡಿರಲಿಲ್ಲ. 1799ರ ಮೇ 4ರಂದು ಕೋಟೆಗೆ ನುಗ್ಗಿದ ಪಡೆಯ ಮುಂದಾಳು ಡೇವಿಡ್ ಬೇರ್ಡ್, ಅದೇ ಪಟ್ಟಣದ ಸೆರೆಯಲ್ಲಿ 1784ರವರೆಗೆ ವರ್ಷಗಟ್ಟಲೆ ಸಂಕೋಲೆಯಲ್ಲಿದ್ದವನು, ಹುದ್ದೆಯಲ್ಲೂ ಹಿರಿಯ. ಮಾರನೆಯ ದಿನ ಪಟ್ಟಣದ ಅಧಿಕಾರ ಸಿಕ್ಕಿದ್ದು ವೆಲ್ಲೆಸ್ಲಿಗೆ. ನ್ಯಾಯವಾಗಿ ಹೇಳಬೇಕೆಂದರೆ, ದಣಿದ ಬೇರ್ಡ್ ತಾನೇ ಬದಲಿ ಕೇಳಿದ್ದ, ಸರದಿಯೂ ವೆಲ್ಲೆಸ್ಲಿಯದೇ ಆಗಿತ್ತು. ಆದರೆ ಬದಲಿಯಾಗಿ ಬಂದವನು ಅಲ್ಲೇ ಉಳಿದ, ಗವರ್ನರ್ ಜನರಲ್ ಅವನ ಅಣ್ಣನೇ ಆಗಿದ್ದ. ಬೇರ್ಡ್ ಪ್ರತಿಭಟಿಸಿ ಬರೆದ, ಪ್ರಯೋಜನವಾಗಲಿಲ್ಲ.

ಕೆಲಸ ಚೆನ್ನಾಗಿಯೇ ಮಾಡಿದನಲ್ಲ ಅನ್ನಬಹುದು. ಹೌದು, ಲೂಟಿಕೋರರಲ್ಲಿ ಕೆಲವರನ್ನು ಗಲ್ಲಿಗೇರಿಸಿ ಊರನ್ನು ಹತೋಟಿಗೆ ತಂದ. ಅದನ್ನು ಕಲಿತದ್ದು ಈಟನ್ನಿನಲ್ಲಲ್ಲ. 1794ರಲ್ಲಿ ಫ್ರೆಂಚರ ಎದುರು ಆದ ಫ್ಲಾಂಡರ್ಸ್ ಸೋಲಿನಲ್ಲಿ, ಹೇಗೆ ಮಾಡಬಾರದು ಅನ್ನುವುದನ್ನು ಕಣ್ಣಾರೆ ಕಂಡು. ಒಬ್ಬ ವೆಲ್ಲಿಂಗ್ಟನ್ನನನ್ನು ತೋರಿಸಿ ಈ ವ್ಯವಸ್ಥೆಯನ್ನು ಸಮರ್ಥಿಸುವವರು ಅದೇ ದರಪಟ್ಟಿಯಲ್ಲಿ ಕರ್ನಲ್ಲಾದ ಮಿಕ್ಕವರ ಲೆಕ್ಕ ಕೊಡುವುದಿಲ್ಲ.

ಈಸ್ಟ್ ಇಂಡಿಯಾ ಕಂಪನಿಯ ದಾರಿ ಮಾತ್ರ ಸ್ವಲ್ಪ ಬೇರೆ. ಡೈರೆಕ್ಟರನ ಶಿಫಾರಸು ಬೇಕು, ಲೆಕ್ಕಪತ್ರ ಇಡಲು ಬರಬೇಕು, ರೈಟರ್, ಅಂದರೆ ಕಿರಿಯ ಗುಮಾಸ್ತ, ಆಗಿ ಸೇರಿದವನ ಸಂಬಳ ವರ್ಷಕ್ಕೆ 5 ಪೌಂಡ್. ಮಿಕ್ಕದ್ದು ಖಾಸಗಿ ವ್ಯಾಪಾರದಲ್ಲಿ, ಅಂದರೆ ಲೂಟಿಯ ಬಾಗಿಲು ಸಂಬಳದಲ್ಲೇ ತೆರೆದಿತ್ತು. ವಾರನ್ ಹೇಸ್ಟಿಂಗ್ಸ್ 1747ರಲ್ಲಿ ವೆಸ್ಟ್‌ಮಿನ್‌ಸ್ಟರಿನ ವಿದ್ಯಾರ್ಥಿವೇತನದ ಪರೀಕ್ಷೆಯಲ್ಲಿ ಮೊದಲಿಗ. ಸಾಕಿದ ಚಿಕ್ಕಪ್ಪ ತೀರಿಕೊಂಡ ಮೇಲೆ ಪೋಷಕ ಅವನನ್ನು ಬಿಡಿಸಿ ಲೆಕ್ಕ ಕಲಿಸಿ ಬಂಗಾಳಕ್ಕೆ ಕಳಿಸಿದ. ಇಷ್ಟು ಒಳ್ಳೆಯ ಲ್ಯಾಟಿನ್ ಹುಡುಗ ಹಾಳಾಗುತ್ತಾನೆಂದು ಮುಖ್ಯೋಪಾಧ್ಯಾಯರು ಗೋಗರೆದರಂತೆ.

ಕಾರ್ನ್‌ವಾಲಿಸ್ ಈಟನ್ನಿನವನು, 1791ರ ಮಾರ್ಚಿನಲ್ಲಿ ಬೆಂಗಳೂರು ಕೋಟೆ ಹಿಡಿದವನು. ಶಾಲೆಯ ಆಟದಲ್ಲಿ ಅವನ ಕಣ್ಣಿಗೆ ಏಟು ಹಾಕಿದ ಹುಡುಗ ಮುಂದೆ ಬಿಷಪ್ ಆದ. ತನ್ನ ಮನೆತನದ ಹಿಡಿತದಲ್ಲಿದ್ದ ಕ್ಷೇತ್ರದಿಂದ 1760ರಲ್ಲಿ ಪಾರ್ಲಿಮೆಂಟಿಗೆ, ಎರಡು ವರ್ಷದಲ್ಲಿ ಅರ್ಲ್ ಪಟ್ಟಕ್ಕೆ. ಅವನಿಗೆ ಗೊತ್ತಿದ್ದ ಒಳ್ಳೆಯ ಸಮಾಜ ಒಂದೇ: ದೊಡ್ಡ ಜಮೀನ್ದಾರ, ಕೆಳಗೆ ಒಕ್ಕಲು. 1793ರಲ್ಲಿ ಬಂಗಾಳದ ಜಮೀನ್ದಾರರನ್ನು ಶಾಶ್ವತ ಒಡೆಯರನ್ನಾಗಿ ಮಾಡಿದ್ದು ಆ ಕಣ್ಣಿನಿಂದಲೇ. ದೊಡ್ಡ ಹುದ್ದೆಗಳಿಂದ ಭಾರತೀಯರನ್ನು ಹೊರಗಿಟ್ಟದ್ದೂ ಅವನೇ. ಇದನ್ನು ವಿರೋಧಿಸಿದ ಥಾಮಸ್ ಮನ್ರೋ ಇಂಗ್ಲಿಷ್ ಜಂಟಲ್‌ಮನ್ನೇ ಅಲ್ಲ. ಗ್ಲಾಸ್ಗೋದ ವ್ಯಾಪಾರಿಯ ಮಗ, 1780ರಲ್ಲಿ ಕಂಪನಿಯ ಕೆಡೆಟ್ ಆಗಿ ಮದರಾಸಿಗೆ ಬಂದವನು. 1792ರ ಒಪ್ಪಂದದಲ್ಲಿ ಟಿಪ್ಪು ಬಿಟ್ಟುಕೊಟ್ಟ ಬಾರಾಮಹಲ್ ಸೀಮೆಯಲ್ಲಿ ಏಳು ವರ್ಷ ಕಂದಾಯದ ಕೆಲಸ ಮಾಡಿ, 1799ರಲ್ಲಿ ಕರಾವಳಿಯ ಕನ್ನಡ ಜಿಲ್ಲೆಗೆ ಕಲೆಕ್ಟರನಾಗಿ ಹೋದ. ಅಲ್ಲಿ ಹಳೆಯ ಲೆಕ್ಕಪತ್ರ ತೆಗೆಸಿ ನೋಡಿದರೆ, ಭೂಮಿ ಆಗಲೇ ಸಣ್ಣ ಸಣ್ಣ ಒಡೆಯರ ಕೈಯಲ್ಲಿ, ಪತ್ರ ಸಮೇತ, ತಲೆಮಾರುಗಳಿಂದ ಇತ್ತು. ಹೊಸ ಜಮೀನ್ದಾರರನ್ನು ಹುಟ್ಟಿಸುವ ಅಗತ್ಯವೇ ಇಲ್ಲವೆಂದು ಅವನು 1800ರಲ್ಲಿ ಮದರಾಸಿಗೆ ವರದಿ ಬರೆದ.